ಕೆಂಪಿಯ ಅರ್ಧ ಬಣ್ಣ

ನಮ್ಮ ಕಸುಬಿನಲ್ಲಿ ನಗಬೇಕಾದರೆ ಯಾರೂ ಜೋಕು ಹೇಳಬೇಕಾಗಿಲ್ಲ. ಬೆಳಿಗ್ಗೆ ಏಣಿ ನಿಲ್ಲಿಸಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮಧ್ಯಾಹ್ನದ ಊಟದೊಳಗೆ ಏನಾದರೊಂದು ಆಗಿಯೇ ತೀರುತ್ತದೆ.

ನನ್ನ ಕಸುಬು ರೈಲ್ವೆ ಇಂಜಿನ್ನಿಗೆ ಬಣ್ಣ ಹಚ್ಚುವುದು. ತೊಂಬತ್ತರ ದಶಕದಲ್ಲಿ ಒಂದು ಶೆಡ್ಡಿನಲ್ಲಿ ಬಣ್ಣದ ಠೇಕೆ, ಅಂದರೆ ಗುತ್ತಿಗೆ, ನನ್ನದಾಗಿತ್ತು. ಯಾವ ಶೆಡ್ಡು ಎಂದು ಕೇಳಬೇಡಿ. ಠಾಣೆ, ಡೊಂಬಿವಲಿ, ಕಲ್ಯಾಣದ ಹಳಿಗಳ ಮೇಲೆ ಅದರ ಇಂಜಿನ್ನುಗಳು ದಿನಾ ಓಡಾಡುತ್ತಿದ್ದವು ಎಂದಷ್ಟು ತಿಳಿದರೆ ಸಾಕು.

ಒಮ್ಮೆ ಠಾಣೆ ಪ್ಲಾಟ್‌ಫಾರ್ಮಿನ ಮೇಲೆ ಲೋಕಲ್ಲಿಗೆ ಕಾಯುತ್ತ ನಿಂತಿದ್ದೆ. ಒಂದು ಮಾಲುಗಾಡಿ ಹಾದುಹೋಯಿತು. ಅದರ ಇಂಜಿನ್ ಅರ್ಧ ಹಸಿರು, ಅರ್ಧ ಇಟ್ಟಂಗಿ ಕೆಂಪು. ಪಕ್ಕದಲ್ಲಿ ಮೂವರು ಗಂಡಸರು ಚರ್ಚೆಗೆ ನಿಂತರು. ಸರ್ಕಾರದ ಹತ್ತಿರ ದುಡ್ಡಿಲ್ಲ ಎಂದರು ಒಬ್ಬರು. ಅಲ್ಲ, ಇದು ಹೊಸ ಡಿಸೈನು ಎಂದರು ಇನ್ನೊಬ್ಬರು. ಮೂರನೆಯವರು, "ಏನಿಲ್ಲ, ಪೇಂಟರ್ ಕುಡಿದು ಮಲಗಿರಬೇಕು" ಎಂದರು.

ನಾನು ತಿರುಗಿ ನಿಂತೆ. "ಆ ಪೇಂಟರ್ ನಾನೇ. ಕುಡಿಯೋದು ಚಹಾ. ಕೊಡಿಸ್ತೀರೇನು?" ಎಂದು ಹಿಂದಿಯಲ್ಲಿ ಕೇಳಿದೆ.

ಮೂವರಿಗೂ ಅದೇ ಕ್ಷಣ ಲೋಕಲ್ ಬಂತು. ಅದು ಅವರ ಕಡೆಯದಲ್ಲ. ಆದರೂ ಹತ್ತಿದರು.

ಆ ಇಂಜಿನ್ ಯಾಕೆ ಅರ್ಧ ಬಣ್ಣದಲ್ಲಿ ಓಡುತ್ತಿತ್ತು ಎಂಬುದನ್ನು ಇಲ್ಲಿ ಹೇಳುತ್ತೇನೆ. ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬ್ರಷ್ ವಾಪಸ್ ಬಂತು

ಗುಲ್ಬರ್ಗಾ ಕಡೆಯ ಹಳ್ಳಿಯಿಂದ ಬಂದವಳು ನಾನು. ಮೊದಲು ಸೀವುಡ್ಸ್ ಕಡೆ ಕಟ್ಟಡಗಳಿಗೆ ಇಟ್ಟಂಗಿ ಹೊತ್ತೆ. ಆಮೇಲೆ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳಲ್ಲಿ ಬಾಯ್ಲರುಗಳ ತುಕ್ಕು ಕೆರೆದು ಬಣ್ಣ ಹಚ್ಚುವುದು ಕಲಿತೆ. ಬಾಯ್ಲರಿನದು ಒಂದು ಸುಖವಿದೆ. ಅದು ನಿಂತಲ್ಲೇ ನಿಂತಿರುತ್ತದೆ.

ಶೆಡ್ಡಿಗೆ ಬಂದಾಗ ನನ್ನದೇ ಗುಂಪು ಇತ್ತು, ನಮ್ಮ ಕಡೆಯ ಐದು ಹೆಂಗಸರು. ಎಲ್ಲರಿಗಿಂತ ಹಿರಿಯಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಪ್ಯಾಸೆಂಜರ್ ಗಾಡಿಯ ಇಂಜಿನ್ನುಗಳನ್ನು ಬೇಕಾದಷ್ಟು ಮುಗಿಸಿದೆವು. ನಮ್ಮ ಮೊದಲ ಮಾಲುಗಾಡಿ ಇಂಜಿನ್ ಬಂದಾಗ ಎರಡು ದಿನ ತುಕ್ಕು ಕೆರೆದು, ಮೈತುಂಬ ಕೆಂಪು ಪ್ರೈಮರ್ ಹಚ್ಚಿದೆವು. ಪ್ರೈಮರ್ ಅಂದರೆ ಬಣ್ಣದ ಕೆಳಗಿನ ಒಳಲಂಗ ಇದ್ದ ಹಾಗೆ, ಯಾರಿಗೂ ತೋರಿಸುವುದಲ್ಲ. ಮೂರನೆಯ ದಿನ ಒಂದು ಬದಿಗೆ ಅರ್ಧದಷ್ಟು ಹಸಿರು ಹಚ್ಚಿ, ಕೈ ತೊಳೆದು, ರೊಟ್ಟಿ ತಿನ್ನಲು ಕುಳಿತೆವು. ತಿರುಗಿ ಬಂದು ನೋಡಿದರೆ ಹಳಿ ಖಾಲಿ. ನಮ್ಮ ಏಣಿಯನ್ನು ಯಾರೋ ಗೋಡೆಗೆ ಒರಗಿಸಿದ್ದರು.

ಆಯಿ ಹಳಿಯ ಆಚೆ ಈಚೆ ನೋಡಿದಳು. "ಯವ್ವಾ, ಅಷ್ಟ ದೊಡ್ಡದು ಎಲ್ಲಿ ಹೋಯ್ತ? ಕದ್ದಾರೇನ?"

ನಾನು ಫೋರ್‌ಮನ್ ಹತ್ತಿರ ಓಡಿದೆ. ಅವರು ಸೊಲ್ಲಾಪುರದವರು. ಮನೆಮಾತು ಮರಾಠಿ, ಆದರೆ ಕನ್ನಡ ನಮ್ಮಷ್ಟೇ ಬರುತ್ತಿತ್ತು. ಮರಾಠಿ ರೂಢಿಯಂತೆ ಹೆಂಗಸರನ್ನು 'ಬಾಯಿ' ಎಂದು ಕರೆಯುತ್ತಿದ್ದರು. "ಕಂಟ್ರೋಲ್ ರೂಮಿನಿಂದ ಫೋನ್ ಬಂತು ಬಾಯಿ. ಕಸಾರಾ ಘಾಟಿಗೆ ಇಂಜಿನ್ ಬೇಕಂತ. ಫಿಟ್ಟರ್ ಮಂದಿ ಕೆಲಸ ಮುಗಿಸಿದ್ರು, ಕಳಿಸಿದ್ವಿ" ಎಂದರು.

"ನಮ್ಮ ಕೆಲಸ ಮುಗಿದಿಲ್ಲಲ್ರೀ."

"ನಿಮ್ಮದು ಮುಗೀಲಿಲ್ಲಂದ್ರೂ ಗಾಲಿ ತಿರುಗತಾವ."

ಆ ಇಂಜಿನ್ನಿನ ಮೆಟ್ಟಿಲ ಮೇಲೆ ನನ್ನ ಒಳ್ಳೆಯ ಬ್ರಷ್ ಉಳಿದಿತ್ತು. ನಾಲ್ಕು ದಿನದ ಮೇಲೆ ಏನೋ ಸಣ್ಣ ರಿಪೇರಿಗೆಂದು ಇಂಜಿನ್ ಅರ್ಧ ಗಂಟೆ ಶೆಡ್ಡಿಗೆ ಬಂತು. ಬ್ರಷ್ ಅಲ್ಲೇ ಇತ್ತು, ಹಸಿರು ಕಲ್ಲಾಗಿ. ಘಾಟಿನ ಹೊಗೆ, ಧೂಳು, ಗಾಳಿ ಎಲ್ಲ ತಿಂದು ಬಂದಿತ್ತು. ಫೋರ್‌ಮನ್ ಅದನ್ನು ಎತ್ತಿ ನನ್ನ ಕೈಗಿಟ್ಟು, ಒಂದು ರಿಜಿಸ್ಟರ್ ಮುಂದೆ ಚಾಚಿದರು.

"ಸಾಮಾನು ವಾಪಸ್ ಬಂದದ. ಸಹಿ ಮಾಡ್ರಿ."

ಅಂದಿನಿಂದ ಆ ಇಂಜಿನ್ನಿಗೆ ಹೆಂಗಸರು ಕೆಂಪಿ ಎಂದು ಹೆಸರಿಟ್ಟರು.

ಪ್ಯಾಂಟಿನ ಪ್ರಶ್ನೆ

ಕೆಂಪಿ ಒಬ್ಬಳೇ ಅಲ್ಲ, ಮಾಲುಗಾಡಿಯ ಇಂಜಿನ್ನುಗಳೆಲ್ಲ ಹೀಗೇ. ಪ್ಯಾಸೆಂಜರ್ ಇಂಜಿನ್ ಬಣ್ಣ ಒಣಗುವವರೆಗೆ ನಿಲ್ಲುತ್ತಿತ್ತು, ಯಾಕೆಂದರೆ ಅದನ್ನು ಜನ ನೋಡುತ್ತಾರೆ, ಸಾಹೇಬರ ಹೆಂಡತಿ ನೋಡುತ್ತಾರೆ. ಮಾಲುಗಾಡಿಯದನ್ನು ನೋಡುವುದು ಯಾರು? ಕಲ್ಲಿದ್ದಲಿಗೆ ಕಣ್ಣಿಲ್ಲ. ಫಿಟ್ಟರ್ ಸ್ಪ್ಯಾನರ್ ಕೆಳಗಿಟ್ಟ ಗಳಿಗೆಗೆ ಫೋನ್ ಬಡಿದುಕೊಳ್ಳುತ್ತಿತ್ತು. ಇಂಜಿನ್ ಯಾವ ಬಣ್ಣದಲ್ಲಿದೆಯೋ ಅದೇ ಬಣ್ಣದಲ್ಲಿ ಹೊರಡುತ್ತಿತ್ತು.

ಇಂಜಿನ್ ಪೂರ್ತಿಯಾದ ಮೇಲೆ ನಾವು ಕೆಳಗಿನ ಮೂಲೆಯಲ್ಲಿ ತಗಡಿನ ಅಚ್ಚು ಇಟ್ಟು ತಾರೀಖು ಹೊಡೆಯುತ್ತಿದ್ದೆವು. ಈ ದಿನ ಬಣ್ಣ ಮುಗಿಯಿತು ಎಂದು ಅದರ ಅರ್ಥ. ಪೂರಾ ಆಗದೆ ತಾರೀಖು ಹೊಡೆಯಬಾರದು, ಇದು ಶೆಡ್ಡಿನ ರೂಲು. ಎಷ್ಟು ವರ್ಷವಾದರೂ ಒಂದೇ ಒಂದು ಮಾಲುಗಾಡಿ ಇಂಜಿನ್ನಿಗೆ ನನ್ನ ತಾರೀಖು ಬಿದ್ದಿರಲಿಲ್ಲ. ಅದು ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ದಿನ ಫೋರ್‌ಮನ್ ಮುಂದೆ ಜಗಳಕ್ಕೆ ನಿಂತೆ. ಫಿಟ್ಟರುಗಳೆಲ್ಲ ಸುತ್ತ ಸೇರಿದರು.

"ಬಾಯಿ, ಸುಮ್ನೆ ತಲಿ ತಿನಬ್ಯಾಡ್ರಿ" ಎಂದರು ಫೋರ್‌ಮನ್. "ಗಾಡಿ ಎಳಿಯೋದು ಮೋಟರ್. ಬಣ್ಣ ಏನರ ಎಳಿತದ?"

ಫಿಟ್ಟರುಗಳು ನಕ್ಕರು. ನನಗೆ ರೇಗಿತು.

"ನಡಿಯೋದು ನಿಮ್ಮ ಕಾಲು. ಪ್ಯಾಂಟ್ ಏನರ ನಡೀತದ? ಆದ್ರೂ ದಿನಾ ಹಾಕ್ಕೊಂಡೇ ಬರ್ತೀರಲ್ರೀ?"

ಆಮೇಲೆ ಒಂದು ವಾರ ಫಿಟ್ಟರುಗಳು ಫೋರ್‌ಮನ್ನರನ್ನು ಕಂಡಾಗಲೆಲ್ಲ ಮೊದಲು ಸೊಂಟದ ಕೆಳಗೆ ನೋಡಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು.

ಸೋತ ಮ್ಯಾಚು ಘಾಟ್ ಹತ್ತಿತು

ಎರಡನೆಯ ಸಲ ಕೆಂಪಿ ಬಣ್ಣಕ್ಕೆ ಬಂದಾಗ ಒಂದು ಬದಿಯನ್ನಾದರೂ ಮುಗಿಸಲೇಬೇಕೆಂದು ಹಟ ಹಿಡಿದೆ. ಆ ಮಧ್ಯಾಹ್ನ ನಾನು ಬಣ್ಣದ ಡಬ್ಬಿಗಳಿಗಾಗಿ ಸ್ಟೋರಿನ ಮುಂದೆ ಸಾಲು ನಿಂತಿದ್ದೆ. ಹೆಂಗಸರಿಗೆ ಹೇಳಿಹೋಗಿದ್ದು ಒಂದೇ ಮಾತು: ಚಾಕ್‌ಪೀಸಿನ ಗುರುತು ಇದ್ದಲ್ಲಿ ಬಣ್ಣ ಹಚ್ಚಬೇಡಿ. ಕಬ್ಬಿಣದಲ್ಲಿ ಎಲ್ಲಿಯಾದರೂ ಬಿರುಕು ಕಂಡರೆ ಇನ್‌ಸ್ಪೆಕ್ಟರ್ ಅದರ ಸುತ್ತ ಚಾಕ್‌ಪೀಸಿನಿಂದ ಗೀಟು ಹಾಕುತ್ತಿದ್ದರು. ಅದರ ಮೇಲೆ ಬಣ್ಣ ಬಿದ್ದರೆ ಬಿರುಕು ಮುಚ್ಚಿಹೋಗುತ್ತದೆ. ಅದು ದೊಡ್ಡ ತಪ್ಪು.

ಅದೇ ದಿನ ಕ್ರಿಕೆಟ್ ಮ್ಯಾಚ್ ಇತ್ತು. ಫಿಟ್ಟರ್ ಒಬ್ಬ ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿಕೊಂಡು, ದೂರದಲ್ಲಿ ಕೆಲಸ ಮಾಡುವವರಿಗೂ ಕಾಣಲಿ ಎಂದು ಇಂಡಿಯಾದ ಸ್ಕೋರನ್ನು ಕೆಂಪಿಯ ಹೊಟ್ಟೆಯ ಮೇಲೆ ಚಾಕ್‌ಪೀಸಿನಿಂದ ಮೊಳದುದ್ದದ ಅಂಕಿಗಳಲ್ಲಿ ಬರೆದಿದ್ದ. ಇಂಡಿಯಾ ಮ್ಯಾಚ್ ಸೋತಿತು. ಅವನು ಬೇಜಾರಿನಲ್ಲಿ ಅಳಿಸದೆ ಬೀಡಿ ಸೇದಲು ಹೋದ.

ನಮ್ಮ ಹೆಂಗಸರಿಗೆ ಓದಲು ಬರುತ್ತಿರಲಿಲ್ಲ. ಆಯಿ ಬಲು ಶ್ರದ್ಧೆಯಿಂದ, ಸಣ್ಣ ಬ್ರಷ್ ಹಿಡಿದು, ಒಂದೊಂದು ಅಂಕಿಯ ಸುತ್ತಲೂ ಅಂಚು ತಪ್ಪದ ಹಾಗೆ ಹಸಿರು ಹಚ್ಚಿದಳು. ನಾನು ಡಬ್ಬಿ ಹೊತ್ತು ಬರುವುದಕ್ಕೂ ಕೆಂಪಿ ಶೆಡ್ಡಿನ ಬಾಗಿಲು ದಾಟುವುದಕ್ಕೂ ಸರಿಹೋಯಿತು. ಹಸಿರು ಮೈಯ ಮೇಲೆ ಕೆಂಪು ಅಂಕಿಗಳಲ್ಲಿ ಇಂಡಿಯಾ ಸೋತದ್ದು ಲೋನಾವಳಾದವರೆಗೂ ಓದಬಹುದಿತ್ತು.

ಫಿಟ್ಟರ್ ತಲೆಯ ಮೇಲೆ ಕೈ ಹೊತ್ತು ಬಂದ. "ಆಯಿ, ಅದು ಸ್ಕೋರು!"

"ಬಿರುಕು ಅಂತ ಹೇಳ್ಯಾರ" ಎಂದಳು ಆಯಿ.

"ಬಿರುಕಲ್ಲ, ಮ್ಯಾಚು!"

"ಇರಲಿ ಬಿಡಪ್ಪ" ಎಂದಳು ಆಯಿ, ಬ್ರಷ್ ತೊಳೆಯುತ್ತ. "ಸೋತಾರಂದ ಮ್ಯಾಲ ಎಲ್ಲೋ ಬಿರುಕು ಇರಲೇಬೇಕು."

ಒಂದೇ ಬದಿಯ ದೋಸೆ

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಂಗ್ಲಿಷ್ ಅಕ್ಷರ ಕಲಿತದ್ದು ಬಣ್ಣ ಹೊಡೆಯುವ ತಗಡಿನ ಅಚ್ಚುಗಳಿಂದ. ಕನ್ನಡ ಓದಲು ಕಲಿತದ್ದು ಡೊಂಬಿವಲಿ ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ. ಯಜಮಾನರು ಕುಂದಾಪುರದ ಕಡೆಯವರು. ಊರಿನ ಪೇಪರು ತರಿಸುತ್ತಿದ್ದರು. ಗಿರಾಕಿಗಳು ಓದಿಬಿಟ್ಟದ್ದನ್ನು ನಾನು ಮೂಲೆಯಲ್ಲಿ ಕುಳಿತು ಬೆರಳಿಟ್ಟು ಓದುತ್ತಿದ್ದೆ. ಮೊದಮೊದಲು ಒಂದು ಸುದ್ದಿ ಮುಗಿಯುವುದರಲ್ಲಿ ಚಹಾ ಆರಿಹೋಗುತ್ತಿತ್ತು. ಆಮೇಲೆ ಆಮೇಲೆ ಚಹಾ ಬಿಸಿ ಇರುವಾಗಲೇ ಸಂಪಾದಕೀಯಕ್ಕೆ ಬರತೊಡಗಿದೆ.

ಯಜಮಾನರು ಒಳ್ಳೆಯವರು, ಆದರೆ ಕೆಣಕುವ ಚಟ. ಸ್ಕೋರು ಹೊತ್ತ ಕೆಂಪಿ ಡೊಂಬಿವಲಿ ದಾಟಿದ ದಿನ ಹೋಟೆಲು ತುಂಬಿತ್ತು. ಕ್ಯಾಷಿನ ಮೇಜಿನಿಂದಲೇ ಕೂಗಿದರು.

"ಎಂತ ಅಕ್ಕ, ನಿಮ್ಮ ಇಂಜಿನ್ ಈಗಷ್ಟೇ ಹೋಯ್ತು ಮಾರಾಯ್ರೆ! ಆಚೆ ಬದಿ ಕೆಂಪು, ಈಚೆ ಬದಿ ಹಸಿರು. ಒಂದೇ ಬದಿ ಕೆಲಸ ಮಾಡಿ ಕಳಿಸೂಕೆ ನಿಮಗೆ ನಾಚಿಕೆ ಆಗುದಿಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪೇಪರು ಮಡಚಿದೆ. ಮುಂದಿದ್ದ ದೋಸೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೆಂಪಗೆ ಬೆಂದ ಬದಿ ತೋರಿಸಿದೆ. ಆಮೇಲೆ ತಿರುಗಿಸಿ ಬಿಳೀ ಬದಿ ತೋರಿಸಿದೆ.

"ಒಂದೇ ಬದಿ ಬೇಯಿಸಿದ್ದನ್ನ ಸುರುಳಿ ಸುತ್ತಿ ಕೊಡ್ತೀರಿ, ಯಾರಿಗೂ ಕಾಣಂಗಿಲ್ಲ" ಎಂದೆ. "ಇಂಜಿನ್ ಸುತ್ತಲಿಕ್ಕೆ ಬರಂಗಿಲ್ರೀ ಯಜಮಾನ್ರ. ಬರ್ತಿದ್ರ ನಾನೂ ಸುತ್ತಿ ಕಳಸ್ತಿದ್ದೆ."

ಆ ದಿನ ಯಜಮಾನರು ನನಗೆ ಇನ್ನೊಂದು ದೋಸೆ ಕಳಿಸಿದರು. ಎರಡೂ ಬದಿ ಬೇಯಿಸಿದ್ದು. ತಿನ್ನಲು ಆಗಲಿಲ್ಲ, ಹಪ್ಪಳದ ಹಾಗಿತ್ತು. ಆದರೂ ಹಟಕ್ಕೆ ತಿಂದೆ.

ಸಾಹೇಬರು ಕುಳಿತದ್ದು

ಆ ವರ್ಷ ಶೆಡ್ಡಿಗೆ ಹೊಸ ಸಾಹೇಬರು ಬಂದರು. ತಿಳಿ ಬೂದಿ ಬಣ್ಣದ ಪ್ಯಾಂಟು, ಅದರ ಇಸ್ತ್ರಿಯ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ರಿಜಿಸ್ಟರ್ ತಿರುವಿಹಾಕಿ ನನ್ನನ್ನು ಕರೆಸಿದರು.

"ಮಾಲುಗಾಡಿಯ ಒಂದು ಇಂಜಿನ್ನೂ ಪೂರ್ತಿ ಆಗಿಲ್ಲ. ಹೆಂಗಸರ ಕೈಯಲ್ಲಿ ಇದು ಆಗುವ ಕೆಲಸವಲ್ಲ" ಎಂದರು ಹಿಂದಿಯಲ್ಲಿ.

"ಇಂಜಿನ್ ನಿಲ್ಲಿಸಿ ಕೊಡಿ ಸಾಹೇಬ್, ಮುಗಿಸಿ ಕೊಡುತ್ತೇನೆ."

"ನೆಪ ಬೇಡ. ಮುಂದಿನ ವಾರ ದೊಡ್ಡ ಸಾಹೇಬರ ತಪಾಸಣೆ ಇದೆ. ಅಷ್ಟರಲ್ಲಿ ಒಂದು ಮಾಲುಗಾಡಿ ಇಂಜಿನ್ ಪೂರ್ತಿಯಾಗಿ, ಅದರ ಮೇಲೆ ತಾರೀಖು ಬಿದ್ದಿರಬೇಕು. ಇಲ್ಲವಾದರೆ ಠೇಕೆ ಠಾಣೆಯ ವರ್ತಕ ನಗರದ ಪಾರ್ಟಿಗೆ. ಅವರ ಹತ್ತಿರ ಸ್ಪ್ರೇ ಮಶೀನ್ ಇದೆ."

ಠೇಕೆ ಹೋದರೆ ನಾನು ಮತ್ತೆ ಇಟ್ಟಂಗಿ ಹೊರಬಲ್ಲೆ. ಆಯಿಗೆ ಆ ವಯಸ್ಸಿನಲ್ಲಿ ಆಗುತ್ತಿರಲಿಲ್ಲ. ಹೆಂಗಸರು ಆ ಸಂಜೆ ಒಂದೊಂದು ಬ್ರಷ್ಷನ್ನೂ ಎರಡೆರಡು ಸಲ ತೊಳೆದರು.

ನಾನು ಮನೆಗೆ ಹೋಗಿ ಠೇಕೆಯ ಕಾಗದ ಹೊರಗೆ ತೆಗೆದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳೂ ಇವೆ ಎಂದು ನನಗೆ ಗೊತ್ತಾದದ್ದೇ ಈ ಕಾಗದದಿಂದ. ನಮ್ಮ ತಗಡುಗಳಲ್ಲಿ ಇದ್ದದ್ದು ದೊಡ್ಡ ಅಕ್ಷರ ಮಾತ್ರ. ಇಡೀ ಒಂದು ಮಳೆಗಾಲ ಹಳೆಯ ನಿಘಂಟು ಇಟ್ಟುಕೊಂಡು, ಗೋಡೆ ಕೆರೆದ ಹಾಗೆ ಅದನ್ನು ಕೆರೆದು ಓದಿದ್ದೆ. ಅದರಲ್ಲಿ ಎರಡು ಮಾತು ನೆನಪಿದ್ದವು, ಮತ್ತೆ ನೋಡಿ ಗಟ್ಟಿ ಮಾಡಿಕೊಂಡೆ. ಒಂದು: ಬಣ್ಣ ಇಂಜಿನ್ನಿನ ಒಳಗೂ ಹೊರಗೂ ಹಚ್ಚತಕ್ಕದ್ದು. ಎರಡು: ಬಣ್ಣದ ಒಂದು ಪದರ, ಅಂದರೆ ಕೋಟು, ಹಚ್ಚಿದ ಮೇಲೆ ಇನ್ನೊಂದಕ್ಕೆ ಒಂದು ಪೂರ್ತಿ ದಿನ ಬಿಡತಕ್ಕದ್ದು. ಎಲ್ಲಿಂದ ಶುರು ಮಾಡಬೇಕು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಮರುದಿನ ಮೂರನೆಯ ಸಲ ಕೆಂಪಿ ಬಣ್ಣಕ್ಕೆ ಬಂದಳು. ಹೆಂಗಸರು ಎಂದಿನಂತೆ ಏಣಿ ತಂದು ಹೊರಗೆ ನಿಲ್ಲಿಸಿದರು.

"ಏಣಿ ಇರಲಿ. ಮೊದಲ ಒಳಗ ನಡೀರಿ" ಎಂದೆ. "ಡ್ರೈವರ್ ಕೂಡೋ ಸ್ಟೂಲಿಂದ ಶುರು ಮಾಡೋಣ."

ಆಯಿಗೆ ಅರ್ಥವಾಗಲಿಲ್ಲ. "ಅದನ್ನ ಯಾರ ನೋಡ್ತಾರವ್ವ?"

"ಯಾರೂ ನೋಡಂಗಿಲ್ಲ ಆಯಿ. ಆದ್ರ ಕೂಡಬೇಕಲ್ಲ?"

ಆಯಿ ಡಬ್ಬಿ ಎತ್ತಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.

ಇಂಜಿನ್ನಿಗೆ ಎರಡು ತುದಿಯಲ್ಲೂ ಡ್ರೈವರನ ಕ್ಯಾಬಿನ್ ಇರುತ್ತದೆ. ಎರಡಕ್ಕೂ ಹಚ್ಚಿದೆವು. ಕಬ್ಬಿಣದ ಸ್ಟೂಲು, ಬಾಗಿಲು, ಹಿಡಿ, ಕಾಲಿಡುವ ಜಾಗ, ಏನನ್ನೂ ಬಿಡಲಿಲ್ಲ. ಮೊದಲ ದಿನ ಪ್ರೈಮರ್. ಎರಡನೆಯ ದಿನ ಬೆಳಿಗ್ಗೆ ತಿಳಿ ಹಸಿರಿನ ಮೊದಲ ಕೋಟು. ಅದಾದ ಮೇಲೆ ಹೊರಗಿನ ಕೆಲಸ.

ಎರಡನೆಯ ದಿನ ಮಧ್ಯಾಹ್ನ ಫಿಟ್ಟರುಗಳು ಸ್ಪ್ಯಾನರ್ ಕೆಳಗಿಟ್ಟರು, ಫೋನ್ ಬಡಿದುಕೊಂಡಿತು, ಡ್ರೈವರ್ ಚೀಲ ಹಿಡಿದು ಬಂದ. ಮುಂದಿನ ಕ್ಯಾಬಿನ್ನಿನ ಹಿಡಿ ಮುಟ್ಟಿದ, ಕೈ ಹಸಿರಾಯಿತು. ಹಿಂದಿನ ಕ್ಯಾಬಿನ್ನಿಗೆ ಹೋದ, ಇನ್ನೊಂದು ಕೈಯೂ ಹಸಿರಾಯಿತು. ಎರಡೂ ಕೈ ಮೇಲೆತ್ತಿಕೊಂಡು ನನ್ನ ಮುಂದೆ ನಿಂತ.

"ಬಾಯಿ, ಬೈಠೂಂ ಕಿಧರ್?" ಎಲ್ಲಿ ಕೂರಲಿ ಎಂದು ಕೇಳಿದ.

"ನಿಂತ್ಕೊಂಡ ಹೋಗ್ರಿ ಭಾವೂ. ಲೋಕಲ್‌ನಾಗ ನಾವು ದಿನಾ ನಿಂತೇ ಬರ್ತೀವಿ."

ಸೀಟು ಹಸಿ ಇದೆ, ಗಾಡಿ ನಡೆಸಲಾಗದು ಎಂದು ಬರೆದುಕೊಟ್ಟು ಡ್ರೈವರ್ ಚಹಾ ಕುಡಿಯಲು ಹೋದ. ಕಂಟ್ರೋಲಿನವರು ಬೇರೆ ಇಂಜಿನ್ ಒಯ್ದರು. ತಮಾಷೆಯೆಂದರೆ, ಪೂರಾ ಮಾಡು ಎಂದು ನನಗೆ ಗಡುವು ಕೊಟ್ಟ ಸಾಹೇಬರೇ ಆ ಸಂಜೆ ಫೋನಿನಲ್ಲಿ, "ಬಣ್ಣ ಆಮೇಲೆ ನೋಡೋಣ, ಮೊದಲು ಕಳಿಸು" ಎಂದು ಫೋರ್‌ಮನ್ನರ ಮೇಲೆ ಕೂಗಾಡಿದರಂತೆ. "ಸೀಟು ಒಣಗಿಲ್ಲ ಸರ್" ಎಂದರಂತೆ ಫೋರ್‌ಮನ್. ನನ್ನ ಕಡೆ ಬಂದು ಸಿಟ್ಟು ಮಾಡಿದ ಹಾಗೆ ಮಾಡಿದರು. ಆದರೆ ಅವರ ಮೀಸೆಯ ಕೆಳಗೆ ನಗು ಇತ್ತು. ಪ್ಯಾಂಟಿನ ಮಾತನ್ನು ಅವರು ಮರೆತಿರಲಿಲ್ಲ.

ಮೂರನೆಯ ದಿನ ಡ್ರೈವರ್ ಮತ್ತೆ ಬಂದ. ಒಳಗೆ ಎರಡನೆಯ ಕೋಟು ಹಸಿ. ಮತ್ತೆ ಚಹಾ ಕುಡಿಯಲು ಹೋದ. ಹೊರಗೆ ಎರಡೂ ಬದಿ ಹಸಿರಾಯಿತು. ಸ್ಕೋರನ್ನು ಆಯಿ ತನ್ನ ಕೈಯಾರೆ ಮುಚ್ಚಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಹಳದಿ ಪಟ್ಟಿ ಎಳೆದು, ನಂಬರು ಬರೆದು, ತಾರೀಖಿನ ತಗಡು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಸಾಹೇಬರೇ ಬಂದರು. ಹಿಂದೆ ಫೋರ್‌ಮನ್, ಅವರ ಹಿಂದೆ ಫಿಟ್ಟರುಗಳು, ಕಡೆಗೆ ಚಹಾದ ಲೋಟ ಹಿಡಿದ ಡ್ರೈವರ್.

"ಒಂದು ಸ್ಟೂಲು ಒಣಗಲು ನಾಲ್ಕು ದಿನವೇ? ಯಾರು ಹೇಳಿದ್ದು ನಿನಗೆ ಹೀಗೆ ಮಾಡಲು?"

ನಾನು ಸೊಂಟದಿಂದ ಠೇಕೆಯ ಕಾಗದ ತೆಗೆದು, ಬೆರಳಿಟ್ಟು, ಆ ಎರಡು ಸಾಲುಗಳನ್ನು ಇಂಗ್ಲಿಷಿನಲ್ಲೇ ಓದಿದೆ. ನನ್ನ ಉಚ್ಚಾರ ಹೇಗಿತ್ತೋ, ಅಕ್ಷರ ಮಾತ್ರ ಒಂದೂ ತಪ್ಪಲಿಲ್ಲ. ಕೆಳಗೆ ಅವರದೇ ಕಚೇರಿಯ ಸಹಿ ಇತ್ತು.

"ಸಾಹೇಬ್, ಆಪ್‌ಲೋಗ್ ಸಹಿ ಕಿಯಾ" ಎಂದೆ. "ಮೈಂ ಪಢಾ."

ನೀವು ಸಹಿ ಮಾಡಿದಿರಿ, ನಾನು ಓದಿದೆ. ಸಾಹೇಬರ ಮುಖ ನಮ್ಮ ಪ್ರೈಮರಿನ ಬಣ್ಣಕ್ಕೆ ಬಂತು.

"ಸುಳ್ಳು! ನಿನ್ನೆ ಹಚ್ಚಿದ್ದು ಇಷ್ಟು ಹೊತ್ತಿಗೆ ಒಣಗಿರಲೇಬೇಕು. ನಾನೇ ನೋಡುತ್ತೇನೆ" ಎಂದು ಮೆಟ್ಟಿಲು ಹತ್ತಿದರು.

"ಸಾಹೇಬ್, ಬೆರಳಿಂದ ಮುಟ್ಟಿ ನೋಡಿ" ಎಂದು ಕೂಗಿದೆ. ಹೆಂಗಸಿನ ಮಾತು ಯಾಕೆ ಕೇಳುತ್ತಾರೆ? ಡ್ರೈವರನ ಸ್ಟೂಲಿನ ಮೇಲೆ, ಸಿಂಹಾಸನದ ಮೇಲೆ ಕುಳಿತ ಹಾಗೆ, ಪೂರ್ತಿ ಭಾರ ಬಿಟ್ಟು ಕುಳಿತರು. ಅಲ್ಲಿಂದಲೇ ಕಿಟಕಿಯ ಹೊರಗೆ ನಮ್ಮೆಲ್ಲರನ್ನೂ ನೋಡಿ, "ಎಲ್ಲಿದೆ ಹಸಿ?" ಎಂದು ಗುಡುಗಿದರು.

ಆಮೇಲೆ ಏಳಲು ಹೋದರು. ಗಾಯಕ್ಕೆ ಅಂಟಿಸಿದ ಪಟ್ಟಿ ಕೀಳುವಾಗ ಬರುವಂಥ ಒಂದು ಸದ್ದು ಬಂತು.

ಮೆಟ್ಟಿಲಿಳಿದು, ಯಾರ ಮುಖವನ್ನೂ ನೋಡದೆ, ತಿಳಿ ಬೂದಿ ಪ್ಯಾಂಟಿನ ಹಿಂದೆ ದುಂಡಗೆ ಎರಡು ತಿಳಿ ಹಸಿರು ಚಂದ್ರಗಳನ್ನು ಹೊತ್ತು ಶೆಡ್ಡಿನ ಉದ್ದಕ್ಕೂ ನಡೆದುಹೋದರು. ಫಿಟ್ಟರುಗಳು ಒಬ್ಬೊಬ್ಬರಾಗಿ ಇಂಜಿನ್ನಿನ ಮರೆಗೆ ಸರಿದು ಹೊಟ್ಟೆ ಹಿಡಿದುಕೊಂಡರು. ಫೋರ್‌ಮನ್ ನನ್ನ ಪಕ್ಕಕ್ಕೆ ಬಂದು, ತುಟಿ ಅಲುಗಿಸದೆ, "ಖರೇ ಅದ ಬಾಯಿ. ಪ್ಯಾಂಟ್ ನಡೀತದ" ಎಂದರು.

ಕೆಂಪಿಯನ್ನು ಅಂದು ಯಾರೂ ಒಯ್ಯಲಿಲ್ಲ. ಮೂಗಿನಿಂದ ಬಾಲದವರೆಗೆ ಹಸಿರು, ನಡುವೆ ಹಳದಿ ಪಟ್ಟಿ, ಮದುಮಗಳ ಹಾಗೆ ನಿಂತಿದ್ದಳು. ತಪಾಸಣೆಯಲ್ಲಿ ದೊಡ್ಡ ಸಾಹೇಬರು ನೋಡಿದ್ದು ಅವಳನ್ನೇ. ಠೇಕೆ ನನ್ನ ಬಳಿಯೇ ಉಳಿಯಿತು. ಸ್ಪ್ರೇ ಮಶೀನಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಸಾಹೇಬರು ಬೆನ್ನು ತಿರುಗಿಸಿ ನಡೆಯುತ್ತಿದ್ದಾಗ, ಇಷ್ಟು ವರ್ಷ ನಾನು ಕಾದಿದ್ದ ಆ ತಾರೀಖಿನ ತಗಡು ಆಯಿಯ ಕೈಯಲ್ಲಿತ್ತು. ಅವಳು ಒಮ್ಮೆ ಕೆಂಪಿಯನ್ನು ನೋಡಿದಳು, ಒಮ್ಮೆ ದೂರ ಹೋಗುತ್ತಿದ್ದ ಸಾಹೇಬರನ್ನು ನೋಡಿದಳು.

"ಯವ್ವಾ, ತಾರೀಖ ಇಂಜಿನಕ್ಕ ಹೊಡೀಲೇನು, ಸಾಹೇಬ್ರಿಗೆ ಹೊಡೀಲೇನು?"

"ಇಂಜಿನಕ್ಕ ಹೊಡಿ ಆಯಿ" ಎಂದೆ. "ಸಾಹೇಬ್ರದು ಇನ್ನಾ ಒಂದೇ ಬದಿ ಆಗ್ಯಾದ. ಪೂರಾ ಆಗಲಾರದ ತಾರೀಖ ಹೊಡಿಯಂಗಿಲ್ಲ."